ರೊಟ್ಟಿ ಕೇಂದ್ರ ಶುರು ಮಾಡುವ ಅಕ್ಕಂದಿರಿಗೆ: ಮೊದಲು ನಿಮ್ಮ ಕೈಯ ಕೂಲಿ ಬರೆದಿಡಿ

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ತುಂಬಿದ್ದಾರೆ. ಪುಸ್ತಕದ ರಾಶಿಯ ಪಕ್ಕ ಒಂದು ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ. ಅದರಲ್ಲಿ ಅವ್ವ ಊರಿಂದ ಬಸ್ಸಿಗೆ ಹಾಕಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). ಡಬ್ಬಿ ಖಾಲಿಯಾಗುತ್ತದೆ, ಮುಂದಿನ ಬುತ್ತಿ ಬರೋಕೆ ಇನ್ನೂ ನಾಲ್ಕು ದಿನ ಇರುತ್ತದೆ. ಆ ನಾಲ್ಕು ದಿನದ ಹಸಿವನ್ನು ನೋಡಿಯೇ ನಾನು, ನಮ್ಮ ಓಣಿಯ ಇನ್ನಿಬ್ಬರು ಸೇರಿ ರೊಟ್ಟಿ ಕೇಂದ್ರ ಹಾಕಿದ್ದು.

ಉತ್ತರ ಕರ್ನಾಟಕದ ಊರೂರಲ್ಲೂ ಇಂಥ ಕೇಂದ್ರಗಳಿವೆ. ಒಂದು ಕೋಣೆ, ಎರಡು ಹಂಚು, ಮೂರ್ನಾಲ್ಕು ಜನ ಹೆಣ್ಣುಮಕ್ಕಳು. ಕೆಲವು ಇಪ್ಪತ್ತು ವರ್ಷದಿಂದ ನಡೆಯುತ್ತಿವೆ. ಕೆಲವು ಒಂದೇ ಮಳೆಗಾಲಕ್ಕೆ ಬಾಗಿಲು ಹಾಕುತ್ತವೆ. ಮುಚ್ಚಿದವರ ರೊಟ್ಟಿ ಚೆನ್ನಾಗಿರಲಿಲ್ಲ ಅಂತಲ್ಲ. ನಾನು ಕಂಡಂತೆ ಹೆಚ್ಚಿನವರು ಸೋತದ್ದು ಒಂದೇ ಕಾರಣಕ್ಕೆ. ಜೋಳಕ್ಕೆ, ಗ್ಯಾಸಿಗೆ, ಆಟೋಗೆ ದುಡ್ಡು ಲೆಕ್ಕ ಹಾಕಿದರು. ತಮ್ಮ ಕೈಗೆ ಹಾಕಲಿಲ್ಲ. ಆರು ತಿಂಗಳು ದುಡಿದ ಮೇಲೆ ಕೈಯಲ್ಲಿ ಏನೂ ಉಳಿಯಲಿಲ್ಲ, ಮನೆಯವರು "ಸಾಕು ಬಿಡು" ಅಂದರು. ಅದಕ್ಕೇ ಈ ಲೇಖನ. ನೀವು ರೊಟ್ಟಿಯ ಬದಲು ಹಪ್ಪಳ ಮಾಡಬಹುದು, ಹೊಲಿಗೆ ಹಾಕಬಹುದು, ಕೂಸಿನ ಮನೆ ನಡೆಸಬಹುದು. ದಾರಿ ಹೆಚ್ಚುಕಮ್ಮಿ ಇದೇ. ನನಗೆ ಗೊತ್ತಿರುವುದು ರೊಟ್ಟಿ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲ ವಾರ ಹಂಚು ಇಡಬೇಡಿ, ಓಣಿ ತಿರುಗಿ

ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಮನೆಯಿಂದ ಹದಿನೈದು ನಿಮಿಷ ನಡೆದು ಹೋಗುವಷ್ಟು ದೂರದಲ್ಲಿ ಯಾರ ಮನೆಯಲ್ಲಿ ರೊಟ್ಟಿ ಬೇಕು, ಆದರೆ ಬಡಿಯುವವರಿಲ್ಲ ಅಂತ ಬರೆಯಿರಿ. ಮಕ್ಕಳು ಬೆಂಗಳೂರು, ಪುಣೆ ಸೇರಿ ಇಬ್ಬರೇ ಉಳಿದ ವಯಸ್ಸಾದವರು ಸಿಗುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ನೌಕರಿ ಮಾಡುವ ಮನೆ, ಸಕ್ಕರೆ ಕಾಯಿಲೆ ಬಂದು ಅನ್ನ ಕಡಿಮೆ ಮಾಡಿದವರು, ಪಿಜಿ, ಹಾಸ್ಟೆಲ್, ಖಾನಾವಳಿ.

ಅವರನ್ನು "ನಿಮಗೆ ರೊಟ್ಟಿ ಬೇಕಾ?" ಅಂತ ಕೇಳಬೇಡಿ. ಎಲ್ಲರೂ ಬೇಕು ಅಂತಾರೆ, ಮುಖ ನೋಡಿ ಇಲ್ಲ ಅನ್ನೋಕೆ ಆಗೋದಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳಿ. ಈಗ ರೊಟ್ಟಿ ಎಲ್ಲಿಂದ ತರ್ತೀರಿ? ವಾರಕ್ಕೆ ಎಷ್ಟು? ಅದರಲ್ಲಿ ಏನು ಸರಿ ಇಲ್ಲ? ಮೂರನೇ ಪ್ರಶ್ನೆಯ ಉತ್ತರದಲ್ಲೇ ನಿಮ್ಮ ವ್ಯಾಪಾರ ಇದೆ. ನಮ್ಮ ಓಣಿಯ ಒಬ್ಬ ಅಜ್ಜಿ ಹೇಳಿದರು: "ಖಡಕ್ ರೊಟ್ಟಿ ನನಗ ಹಲ್ಲಿಗೆ ಆಗೂದಿಲ್ಲವ್ವ. ಮೆತ್ತಂದು ಎರಡs ಎರಡು ಬೇಕು, ದಿನಾ. ಯಾರು ಕೊಡತಾರ?" ಅಂಗಡಿಯಲ್ಲಿ ಸಿಗೋದು ಹತ್ತರ ಪಾಕೀಟು, ಅದೂ ಖಡಕ್. ದಿನಾ ಎರಡು ಮೆತ್ತನೆ ರೊಟ್ಟಿ ಬೇಕಾದ ಹನ್ನೊಂದು ಮನೆ ನಮಗೆ ಒಂದೇ ಓಣಿಯಲ್ಲಿ ಸಿಕ್ಕವು. ಆ ಹನ್ನೊಂದು ಮನೆಯೇ ನಮ್ಮ ಮೊದಲ ಗಿರಾಕಿಗಳು.

ಬರೆದುಕೊಂಡ ಹೆಸರುಗಳಲ್ಲಿ ಇಪ್ಪತ್ತು ಮನೆಯಾದರೂ ಮುಂದಿನ ವಾರದ ರೊಟ್ಟಿಗೆ ಮುಂಗಡ ಕೊಟ್ಟರೆ ಶುರು ಮಾಡಿ. ಐವತ್ತು ರೂಪಾಯಿ ಕೊಟ್ಟರೂ ಸಾಕು. ಬಾಯಿಮಾತಿಗೂ ಮುಂಗಡಕ್ಕೂ ಎಷ್ಟು ವ್ಯತ್ಯಾಸ ಅಂತ ಆ ದಿನವೇ ಗೊತ್ತಾಗುತ್ತದೆ.

ಜೋಳ

ರೊಟ್ಟಿಗೆ ಹಿಂಗಾರಿ ಬಿಳಿ ಜೋಳವೇ ಆಗಬೇಕು. ಮಾಲ್ದಂಡಿ ಜೋಳ ಅಂತ ಕೇಳಿದರೆ ಯಾವ ಅಡತಿ ಅಂಗಡಿಯವರಿಗೂ ಗೊತ್ತು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಫೆಬ್ರುವರಿ ಮಾರ್ಚಿಗೆ ರಾಶಿ ಆಗುತ್ತದೆ. ಪೇಟೆಗೆ ಹೊಸ ಜೋಳ ಬರುವ ಆ ಹೊತ್ತಿನಲ್ಲೇ ಸಾಮಾನ್ಯವಾಗಿ ದರ ಇಳಿದಿರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಆಗ ಮೂರ್ನಾಲ್ಕು ತಿಂಗಳಿಗೆ ಆಗುವಷ್ಟು ಚೀಲ ಹಾಕಿಕೊಳ್ಳಿ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಡಿ. ಊರಲ್ಲಿ ತವರು ಮನೆ ಇದ್ದರೆ, ಅಲ್ಲಿನ ಹೊಲದವರಿಂದ ನೇರ ತರೋದು ಎಲ್ಲಕ್ಕಿಂತ ಒಳ್ಳೆಯದು. ರೈತನಿಗೂ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ನಿಮಗೂ ಜೋಳದ ಜಾತಕ ಗೊತ್ತಿರುತ್ತದೆ.

ಜೋಳ ಇಟ್ಟುಕೊಳ್ಳಬಹುದು, ಹಿಟ್ಟು ಇಡಬೇಡಿ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಎಸರಿನ ನೀರು ಕುದಿಕುದಿಯಾಗಿ ಬಿದ್ದಾಗ ಪಿಷ್ಟ ಬೆಂದು ಹಿಟ್ಟಿಗೆ ಜಿಗಿ ಬರುತ್ತದೆ, ಅದರ ಬಲದ ಮೇಲೆಯೇ ರೊಟ್ಟಿ ಅಗಲವಾಗೋದು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅಂಚು ಬಿರಿಯುತ್ತದೆ, ಕಹಿಯೂ ಬರುತ್ತದೆ. ಎರಡು ಮೂರು ದಿನಕ್ಕಾಗುವಷ್ಟೇ ಗಿರಣಿಗೆ ಹಾಕಿಸಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಹಾಕದಂತೆ ಗಿರಣಿಯವರಿಗೆ ಹೇಳಿ. ಗೋಧಿ ಆಗದವರು ನಂಬಿ ನಿಮ್ಮ ಹತ್ತಿರ ಬರುತ್ತಾರೆ, ಅವರ ಆರೋಗ್ಯದ ಪ್ರಶ್ನೆ ಇದು.

ಒಂದು ರೊಟ್ಟಿಯ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಪೆನ್ನು ಹಿಡಿದು ಕೂತುಕೊಳ್ಳಿ.

ನಾವು ಮೊದಲ ತಿಂಗಳು ರೊಟ್ಟಿಗೆ 6 ರೂಪಾಯಿ ಇಟ್ಟಿದ್ದೆವು. ಯಾಕೆ 6? ಅಂಗಡಿಯಲ್ಲಿ 7 ಇತ್ತು, ಅದಕ್ಕೆ. ಬೇರೆ ಯಾವ ಕಾರಣವೂ ಇರಲಿಲ್ಲ. ತಿಂಗಳ ಕೊನೆಗೆ ಮೂವರೂ ನೆಲದ ಮೇಲೆ ದುಡ್ಡು ಹರವಿಕೊಂಡು ಎಣಿಸಿದೆವು. ಉಳಿದದ್ದು ಇಷ್ಟೇನಾ ಅನ್ನಿಸಿತು. ನಾನು ಕೂಲಿಯ ಮಾತು ತೆಗೆದಾಗ ಜೊತೆಯವರೊಬ್ಬರು ಅಂದರು: "ಹೆಂಗೂ ಮನ್ಯಾಗ ದಿನಾ ರೊಟ್ಟಿ ಬಡಿಯೂದs ಐತಿ. ಅದಕ್ಕೇನ್ ಕೂಲಿ ಹಚ್ಚೂದು ಬಿಡ್ರಿ ಅಕ್ಕಾರ." ಆ ಮಾತು ನನಗೆ ಇವತ್ತಿಗೂ ನೆನಪಿದೆ. ಅವರು ತಪ್ಪು ಮಾತಾಡಲಿಲ್ಲ, ನಮ್ಮೆಲ್ಲರಿಗೂ ಹಾಗೇ ಕಲಿಸಿದ್ದಾರೆ. ಮನೆಯಲ್ಲಿ ಪುಕ್ಕಟೆ ಮಾಡಿದ ಕೆಲಸಕ್ಕೆ ಹೊರಗೂ ಬೆಲೆ ಇಲ್ಲ ಅಂತ ನಾವೇ ನಂಬಿಬಿಟ್ಟಿದ್ದೇವೆ.

ಈಗ ಲೆಕ್ಕ ನೋಡಿ. ದರಗಳು ನಿಮ್ಮೂರಲ್ಲಿ ಬೇರೆ ಇರುತ್ತವೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಹತ್ತು ಕಿಲೋ ಹಿಟ್ಟು ಬೇಕಾದರೆ ಹಸನು ಮಾಡಿದಾಗ ಹೋಗುವ ಕಸ, ನುಚ್ಚು ಸೇರಿ ಹತ್ತೂವರೆ ಕಿಲೋ ಜೋಳ ಬೇಕು. ಕಿಲೋಗೆ 50 ರೂಪಾಯಿ ಅಂದರೆ 525. ಗಿರಣಿಗೆ 50. ಗ್ಯಾಸ್ 120. ಹತ್ತು ಕಿಲೋ ಹಿಟ್ಟಿಗೆ ಸುಮಾರು 180 ರೊಟ್ಟಿ ಆಗುತ್ತವೆ ಅನ್ನೋಣ. ಅದರಲ್ಲಿ ಹತ್ತಾದರೂ ಮುರಿಯುತ್ತವೆ, ಸೀಯುತ್ತವೆ. ಮಾರೋಕೆ ಉಳಿಯೋದು 170. ಹತ್ತರ 17 ಪಾಕೀಟಿಗೆ ಮೂರು ರೂಪಾಯಿಯಂತೆ 51. ತಲುಪಿಸೋಕೆ 60. ಎಲ್ಲ ಸೇರಿ 806 ರೂಪಾಯಿ. ಭಾಗ ಮಾಡಿದರೆ ಒಂದು ರೊಟ್ಟಿಗೆ 4 ರೂಪಾಯಿ 74 ಪೈಸೆ. ಆರಕ್ಕೆ ಮಾರಿದರೆ ಲಾಭ ಅಂತ ಕಾಣುತ್ತದೆ, ಅಲ್ವಾ?

ಆದರೆ ಆ 180 ರೊಟ್ಟಿಗೆ ಒಬ್ಬರು ಬಡಿಯುತ್ತ, ಇನ್ನೊಬ್ಬರು ಬೇಯಿಸುತ್ತ ನಾಲ್ಕು ತಾಸು ಕೂತಿದ್ದಾರೆ. ಇಬ್ಬರದೂ ಸೇರಿ ಎಂಟು ತಾಸು. ಆರು ರೂಪಾಯಿಗೆ ಮಾರಿದರೆ 170 ರೊಟ್ಟಿಗೆ 1,020 ಬರುತ್ತದೆ. 806 ತೆಗೆದರೆ 214. ಎಂಟು ತಾಸಿಗೆ ಹಂಚಿದರೆ ತಾಸಿಗೆ 27 ರೂಪಾಯಿಯೂ ಇಲ್ಲ. ಹೊಲಕ್ಕೆ ಕಳೆ ತೆಗೆಯೋಕೆ ಹೋದರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ.

ಈಗ ತಾಸಿಗೆ 60 ರೂಪಾಯಿ ಕೂಲಿ ಹಾಕಿ. ಎಂಟು ತಾಸಿಗೆ 480. ಒಟ್ಟು ಖರ್ಚು 1,286. ಒಂದು ರೊಟ್ಟಿಯ ನಿಜವಾದ ಖರ್ಚು 7 ರೂಪಾಯಿ 56 ಪೈಸೆ. ಒಂಬತ್ತಕ್ಕೆ ಮಾರಿದರೆ 1,530 ಬರುತ್ತದೆ, 244 ಉಳಿಯುತ್ತದೆ. ಆ 244 ಕೂಡ ಮನೆಗೆ ಒಯ್ಯುವ ದುಡ್ಡಲ್ಲ. ಹಂಚು ಸೀಳುತ್ತದೆ, ಬರ್ನರ್ ಕೆಡುತ್ತದೆ, ಒಬ್ಬರಿಗೆ ಜ್ವರ ಬರುತ್ತದೆ, ಜೋಳದ ದರ ಏರುತ್ತದೆ. ಅದಕ್ಕೆಲ್ಲ ಅದು ಬೇಕು.

ನಾವು 9 ರೂಪಾಯಿ ಮಾಡಿದಾಗ ಕೆಲವರು ಬಿಟ್ಟುಹೋದರು. ಹೋಗಲಿ ಅಂತ ಬಿಡೋಕೆ ಮನಸ್ಸಿಗೆ ಕಷ್ಟವಾಯಿತು, ಯಾಕೆಂದರೆ ಅವರಲ್ಲಿ ಬಡ ವಿದ್ಯಾರ್ಥಿಗಳೂ ಇದ್ದರು. ಆಗ ಒಂದು ದಾರಿ ಮಾಡಿಕೊಂಡೆವು. ದಿನದ ರೊಟ್ಟಿಯಲ್ಲಿ ಹದಿನೈದು ರೊಟ್ಟಿ ಖರ್ಚಿನ ದರಕ್ಕೆ, ಅಂದರೆ ಎಂಟು ರೂಪಾಯಿಗೆ. ಯಾರಿಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿರುತ್ತದೆ. ಮುರಿದ ರೊಟ್ಟಿ ಅರ್ಧ ಬೆಲೆಗೆ. ಮುಟಗಿ ಮಾಡಿಕೊಳ್ಳೋಕೆ, ಮಜ್ಜಿಗೆಯಲ್ಲಿ ನೆನೆಸಿಕೊಳ್ಳೋಕೆ ಮುರಿದದ್ದೇ ಬೇಕು ಅನ್ನುವವರೂ ಇದ್ದಾರೆ. ಸಮಾಜಕ್ಕೆ ಕೊಡಬೇಕು ಅನ್ನಿಸಿದರೆ ಹೀಗೆ ಎಣಿಸಿ ಕೊಡಿ. ಎಲ್ಲರಿಗೂ ದರ ಇಳಿಸಿದರೆ ಕಾರಿನಲ್ಲಿ ಬಂದು ಐವತ್ತು ರೊಟ್ಟಿ ಒಯ್ಯುವವರಿಗೂ ನಿಮ್ಮ ಭುಜದ ನೋವು ಪುಕ್ಕಟೆ ಹೋಗುತ್ತದೆ.

ಭುಜ, ಮಂಡಿ, ಕಣ್ಣು

ಇದನ್ನು ಯಾವ ತರಬೇತಿಯಲ್ಲೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮನೆಗೆ ಹದಿನೈದು ರೊಟ್ಟಿ ಬಡಿಯೋದು ಬೇರೆ, ದಿನಕ್ಕೆ ಇನ್ನೂರು ಬಡಿಯೋದು ಬೇರೆ. ಮೂರು ತಿಂಗಳಿಗೆ ಬಲ ಭುಜ ಹಿಡಿಯುತ್ತದೆ, ನೆಲಕ್ಕೆ ಕೂತು ಎದ್ದು ಮಂಡಿ ನೋಯುತ್ತದೆ.

ನಿಂತು ಬಡಿಯುವಂತೆ ಸೊಂಟದ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿಕೊಳ್ಳಿ. ಕಡಪಾ ಕಲ್ಲು ಹಾಸಿದರೆ ಸಾಕು. ಬಡಿಯುವವರು, ಬೇಯಿಸುವವರು ತಾಸಿಗೊಮ್ಮೆ ಜಾಗ ಬದಲಿಸಿ. ಒಬ್ಬರೇ ದಿನವಿಡೀ ಹಂಚಿನ ಮುಂದೆ ನಿಲ್ಲಬಾರದು. ಹಿಟ್ಟಿನ ಧೂಳು, ಉರಿಯ ಝಳ ಎರಡೂ ಹೊರಗೆ ಹೋಗೋಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಮೊದಲ ತಿಂಗಳ ಉಳಿತಾಯದಲ್ಲಿ ಏನು ತರೋದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಬೋರ್ಡು ಆಮೇಲೆ ಬರೆಸಿದರಾಯಿತು. ಗ್ಯಾಸು ಮಾತ್ರ ವ್ಯಾಪಾರದ 19 ಕಿಲೋ ಸಿಲಿಂಡರ್ ಆಗಿರಲಿ. ಮನೆ ಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಸಿಕ್ಕಿಬಿದ್ದರೆ ದಂಡ, ಅವಘಡ ಆದರೆ ವಿಮೆಯೂ ಸಿಗೋದು ಕಷ್ಟ.

ಕಾಗದ ಪತ್ರ: ಮೂರೇ ಮೂರು, ಮೊದಲಿಗೆ

ಆಹಾರದ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇಬೇಕು, ಮನೆಯಲ್ಲೇ ಮಾಡಿದರೂ ಬೇಕು. ವರ್ಷದ ವಹಿವಾಟು ಸಣ್ಣದಿದ್ದರೆ ಲೈಸೆನ್ಸ್ ಬೇಡ, ಸಾದಾ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ, ಒಂದು ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ. ಸೈಬರ್ ಸೆಂಟರಿನಲ್ಲಿ ಇದಕ್ಕೇ ಸಾವಿರಗಟ್ಟಲೆ ಕೇಳುವವರಿದ್ದಾರೆ. ಸರ್ಕಾರಿ ಶುಲ್ಕ ಎಷ್ಟು ಅಂತ ಗೊತ್ತಿದ್ದರೆ ಚೌಕಾಸಿ ಮಾಡಬಹುದು. ನಿಮಗೆ ಬರುವ 14 ಅಂಕಿಯ ಸಂಖ್ಯೆಯನ್ನು ಪಾಕೀಟಿನ ಮೇಲೆ ಹಾಕಬೇಕು.

ಎರಡನೆಯದು ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ, ಒಂದು ಪೈಸೆಯೂ ಇಲ್ಲ. ಮುಂದೆ ಬ್ಯಾಂಕಿನವರು ಮೊದಲು ಕೇಳೋದು ಇದನ್ನೇ. ಮೂರನೆಯದು ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ, ಅದಕ್ಕೇ ಬೇರೆ ಯುಪಿಐ. ಮಗನ ಫೋನ್‌ಪೇಗೆ ಹಾಕಿಸಿಕೊಂಡ ದುಡ್ಡಿಗೆ ಲೆಕ್ಕ ಉಳಿಯುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ನಮ್ಮ ಕಡೆಯ ಹೆಣ್ಣುಮಕ್ಕಳೂ ಹೆದರಿದ್ದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿಯ ಮಾತು ಬರುತ್ತದೆ. ದಿನಕ್ಕೆ ಇನ್ನೂರು ರೊಟ್ಟಿಯವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಮನೆಯ ದುಡ್ಡು, ಸಂಘದ ದುಡ್ಡು, ರೊಟ್ಟಿ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲಸಿದರೆ ನಿಮಗೇ ತಿಳಿಯುವುದಿಲ್ಲ.

ಪಾಕೀಟು ಕಟ್ಟಿ ಅಂಗಡಿಗೆ ಕೊಡುವಾಗ ಹೆಸರು, ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಯಾವ ದಿನದೊಳಗೆ ತಿನ್ನಬೇಕು, ಎಂಆರ್‌ಪಿ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಕನ್ನಡದಲ್ಲೂ ಕಾಣಲಿ. ನಮ್ಮ ಅಜ್ಜಿಯಂದಿರು ಓದುವ ಹಾಗೆ ಅಕ್ಷರ ದಪ್ಪ ಇರಲಿ.

ಸಾಲ ಯಾವಾಗ, ಯಾರ ಹತ್ತಿರ

ಮೊದಲ ಎರಡು ತಿಂಗಳು ಸಾಲ ಬೇಡ. ಮನೆಯ ಹಂಚು, ಮನೆಯ ಪರಾತ, ಗಿರಾಕಿಯ ಮುಂಗಡ, ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಉಳಿಸಿದ್ದು, ಇಷ್ಟರಲ್ಲೇ ನಡೆಸಿ. ಮುಂಬೈಯಲ್ಲಿ 1959ರ ಮಾರ್ಚಿನಲ್ಲಿ ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಕೈಗಡ ತಂದು ಮಾಳಿಗೆಯ ಮೇಲೆ ನಾಲ್ಕು ಪಾಕೀಟು ಹಪ್ಪಳ ಮಾಡಿ ಶುರು ಮಾಡಿದ್ದೇ ಲಿಜ್ಜತ್ ಆಗಿ ಬೆಳೆದದ್ದು. ಸಣ್ಣದಾಗಿ ಶುರು ಮಾಡಿದ್ದಕ್ಕೆ ನಾಚಿಕೆ ಪಡಬೇಡಿ.

ಆಮೇಲೆ ಸಾಲ ಬೇಕಾದಾಗ ಮೊದಲು ನಿಮ್ಮ ಸಂಘದ ಕಡೆ ನೋಡಿ. ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಒಕ್ಕೂಟದ ಸಂಘವೋ, ಅಲ್ಲಿನ ಬಡ್ಡಿ ಕಡಿಮೆ, ಜೊತೆಗೆ ಕಷ್ಟ ಬಂದರೆ ಕೂತು ಮಾತಾಡಬಹುದು. ಸಂಘ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ. 50 ಸಾವಿರದವರೆಗಿನ ಶಿಶು ಸಾಲಕ್ಕೆ ಆಸ್ತಿ ಅಡವು ಕೇಳುವಂತಿಲ್ಲ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. ಬ್ಯಾಂಕಿನ ಮೂಲಕ 3 ಲಕ್ಷದವರೆಗೆ ಸಾಲ, ಅದರಲ್ಲಿ ಒಂದು ಪಾಲು ಸಹಾಯಧನ. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಸಹಾಯಧನ ಅರ್ಧದಷ್ಟು, ಉಳಿದವರಿಗೆ ಶೇ 30. ಆದಾಯದ ಮಿತಿ ಇದೆ, ಅರ್ಜಿಗೆ ಕೊನೆಯ ದಿನವೂ ಇರುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ. ಅಂಗನವಾಡಿ ಟೀಚರಿಗೂ ಸಾಮಾನ್ಯವಾಗಿ ಗೊತ್ತಿರುತ್ತದೆ.

ಯಂತ್ರ, ದೊಡ್ಡ ಕೋಣೆ ಅಂತ ಯೋಚಿಸುವ ಹೊತ್ತಿಗೆ, ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯನ್ನು ನೋಡಿ. 2020ರಲ್ಲಿ ಬಂದದ್ದು. ಕೇಂದ್ರದ ಶೇ 35ಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಅರ್ಧದಷ್ಟು ಸಹಾಯಧನ ಕೊಡುತ್ತ ಬಂದಿದೆ. ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜ ಬಂಡವಾಳವೂ ಅದರಲ್ಲಿದೆ. ಅವಧಿ ನಿಗದಿಯಾದ ಯೋಜನೆ ಇದು, ಹಾಗಾಗಿ ಕಾಗದ ಜೋಡಿಸುವ ಮೊದಲು ಜಿಲ್ಲೆಯ ಕೃಷಿ ಇಲಾಖೆ ಕಚೇರಿಗೆ ಹೋಗಿ ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಕೇಳಿಕೊಳ್ಳಿ. ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ, ಸಾಲದ ಜೊತೆ ಹೊಂದಿಕೊಂಡು ಬರುತ್ತದೆ. ಸಬ್ಸಿಡಿ ಸಿಗುತ್ತದೆ ಅಂತಲೇ ಯಾರೂ ಯಂತ್ರ ತರಬೇಡಿ.

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ತಂದು ರೊಟ್ಟಿ ಕೇಂದ್ರ ಶುರು ಮಾಡಬೇಡಿ. ಕೈ ಮುಗಿದು ಹೇಳುತ್ತೇನೆ. ನಿಮ್ಮ ಗಿರಾಕಿ ತಿಂಗಳಿಗೊಮ್ಮೆ ದುಡ್ಡು ಕೊಡುತ್ತಾರೆ, ಕಂತು ಮಂಗಳವಾರ ಮಂಗಳವಾರ ಬಾಗಿಲಿಗೆ ಬರುತ್ತದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ವಸೂಲಿಯ ಕಿರುಕುಳ ತಡೆಯೋಕೆ ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟು ಮನೆಗಳು ಆ ಕಷ್ಟ ಉಂಡಿವೆ.

ಲೆಕ್ಕ ಬರೆಯೋಕೆ, ಬ್ಯಾಂಕಿನವರ ಜೊತೆ ಮಾತಾಡೋಕೆ ಧೈರ್ಯ ಸಾಲದು ಅನ್ನಿಸಿದರೆ, ಸ್ವಉದ್ಯೋಗ ಕಲಿಸುವ ಆರ್‌ಸೆಟಿ ತರಬೇತಿಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇವನ್ನು ತೆರೆದದ್ದು. ಧಾರವಾಡ, ವಿಜಯಪುರದಲ್ಲಿ ರುಡ್‌ಸೆಟ್ ಕೇಂದ್ರಗಳೇ ಇವೆ. ಊಟ, ವಸತಿ, ಪಾಠ ಎಲ್ಲ ಉಚಿತ. ಹೋಗಿ ಬರೋಕೆ ಶಕ್ತಿ ಯೋಜನೆಯ ಬಸ್ಸಿದೆ. ಮನೆಯವರು ಬೇಡ ಅನ್ನೋಕೆ ಖರ್ಚಿನ ನೆಪ ಉಳಿದಿಲ್ಲ.

ಪಾಕೀಟು ಕಟ್ಟುವ ಮುಂಚೆ

ಮೊದಲ ಜುಲೈನಲ್ಲಿ ನಮ್ಮ 140 ಖಡಕ್ ರೊಟ್ಟಿ ಹಾಳಾದವು. ಸಂಜೆ ಮಳೆ ಬರುವ ಹಾಗಿತ್ತು, ಆಟೋದವರು ಹೊರಗೆ ನಿಂತಿದ್ದರು. ಅವಸರ ಮಾಡಿ ಬೆಚ್ಚಗಿರುವಾಗಲೇ ಕಟ್ಟಿದೆವು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಸಣ್ಣ ಸಣ್ಣ ಹನಿ ಮೂಡಿದ್ದನ್ನು ನಾನು ನೋಡಿದ್ದೆ. ನೋಡಿಯೂ ಕಳಿಸಿದೆ. ಐದನೇ ದಿನ ಒಬ್ಬ ಹುಡುಗಿ ಪಾಕೀಟು ವಾಪಸ್ ತಂದಳು. ಒಡೆದು ನೋಡಿದರೆ ನಡುವಿನ ರೊಟ್ಟಿಗಳಿಗೆ ಹಸಿರು ಬೂಸ್ಟು. ಅವಳು ಬೈಯಲಿಲ್ಲ. "ಅಕ್ಕಾರ, ನೀವು ನೋಡ್ಲಿ ಅಂತ ತಂದೆ" ಅಂದಳು. ಅವತ್ತೇ ಎಲ್ಲ ಮನೆಗೂ ಹೋಗಿ ಪಾಕೀಟು ವಾಪಸ್ ತಗೊಂಡು, ದುಡ್ಡು ಕೊಟ್ಟು ಬಂದೆವು. ಆ ವಾರ ಕೂಲಿ ಸಿಗಲಿಲ್ಲ. ಆದರೆ ಆ ಮನೆಗಳಲ್ಲಿ ಒಂದೂ ನಮ್ಮನ್ನು ಬಿಡಲಿಲ್ಲ.

ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಪಕ್ಕದ ಝಳಕ್ಕೆ ನಿಲ್ಲಿಸಿ ಇನ್ನೊಮ್ಮೆ ಒಣಗಿಸಬೇಕು. ಆಮೇಲೆ ಬಿದಿರಿನ ಬುಟ್ಟಿಯಲ್ಲಿ ತೆಳು ಬಟ್ಟೆ ಹಾಸಿ, ಒಂದರ ಮೇಲೊಂದು ಒತ್ತದ ಹಾಗೆ ಆರಲು ಬಿಡಿ. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ. ಮುರಿದರೆ "ಕಟ್" ಅಂತ ಸದ್ದು ಬರಬೇಕು. ಬಾಗಿದರೆ ಇನ್ನೂ ಹಸಿ ಇದೆ ಅಂತ ಅರ್ಥ. ಹೀಗೆ ಒಣಗಿದ ರೊಟ್ಟಿ ತಿಂಗಳು ಇರುತ್ತದೆ. ಮೆತ್ತನೆ ರೊಟ್ಟಿ ಮಾತ್ರ ಅವತ್ತಿನದು ಅವತ್ತಿಗೇ. ಉಳಿದರೆ ಮರುದಿನ ಮಾರಬೇಡಿ.

ಉದ್ರಿ

ಮನೆಗಳಿಗೆ ವಾರದ ಉದ್ರಿ ಪರವಾಗಿಲ್ಲ. ಹೋಟೆಲು, ಖಾನಾವಳಿ, ಹಾಸ್ಟೆಲ್‌ಗೆ ಹುಷಾರು. ಒಂದು ಖಾನಾವಳಿಯವರು ದಿನಕ್ಕೆ ನೂರು ರೊಟ್ಟಿ ತಗೊಂಡು ಮೂರು ತಿಂಗಳು "ನಾಳೆ ಬರ್ರಿ" ಅಂತಲೇ ನಡೆಸಿದರು. ಕೊನೆಗೆ ಅರ್ಧ ಬಂತು, ಅರ್ಧ ಬರಲೇ ಇಲ್ಲ. ಈಗ ನಮ್ಮ ನಿಯಮ ಇಷ್ಟೇ. ಹತ್ತು ದಿನದ ಬಾಕಿ ತೀರದೆ ಹನ್ನೊಂದನೇ ದಿನ ರೊಟ್ಟಿ ಹೋಗುವುದಿಲ್ಲ. ಕೇಳೋಕೆ ಸಂಕೋಚ ಆಗುತ್ತದೆ, ಗೊತ್ತು. ಅದಕ್ಕೇ ಚೀಟಿ ಮಾಡಿಕೊಳ್ಳಿ. ದಿನಾ ರೊಟ್ಟಿ ಜೊತೆ ಚೀಟಿ ಹೋಗಲಿ, ಇಸಿದುಕೊಂಡವರು ಸಹಿ ಹಾಕಲಿ. ಮಾತಿಗಿಂತ ಚೀಟಿ ಕೇಳೋದು ಸುಲಭ.

ಮದುವೆ, ಸೀಮಂತ, ಜಾತ್ರೆಯ ಆರ್ಡರಿಗೆ ಅರ್ಧ ದುಡ್ಡು ಮೊದಲೇ ಬರಲಿ. ಸಾವಿನ ಮನೆಗೆ ಮುಂಗಡ ಕೇಳಬೇಡಿ, ರೊಟ್ಟಿ ಕಳಿಸಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಹೆಣ್ಣುಮಕ್ಕಳು ಬಡಿದ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಬರುತ್ತವೆ. 2019ರ ಆಗಸ್ಟಿನ ನೆರೆಯಲ್ಲಿ ನಮ್ಮ ಭಾಗದ ಎಷ್ಟೋ ಓಣಿಗಳು ರೊಟ್ಟಿ ಬಡಿದು ನಿರಾಶ್ರಿತರಿಗೆ ಕಳಿಸಿದವು. ದಾಸೋಹಕ್ಕೆ ಕೊಡುವ ರೊಟ್ಟಿಯನ್ನೂ ಪುಸ್ತಕದಲ್ಲಿ ಬರೆಯಿರಿ, "ಸೇವೆ" ಅಂತ ಬೇರೆ ಸಾಲಿನಲ್ಲಿ. ಎಷ್ಟು ಕೊಟ್ಟೆವು ಅಂತ ತೋರಿಸಿಕೊಳ್ಳೋಕಲ್ಲ. ಆ ದಿನದ ಜೋಳ ಎಲ್ಲಿಗೆ ಹೋಯಿತು ಅಂತ ತಿಂಗಳ ಕೊನೆಗೆ ಮೂವರಲ್ಲಿ ಯಾರಿಗೂ ಸಂಶಯ ಬರಬಾರದು, ಅದಕ್ಕೆ.

ಜೊತೆಯವರು

ಗೆಳತಿಯರು ಸೇರಿ ಶುರು ಮಾಡಿ ಜಗಳವಾಡಿ ಬಿಟ್ಟದ್ದನ್ನು ಜಾಸ್ತಿ ನೋಡಿದ್ದೇನೆ. ಜಗಳ ದುಡ್ಡಿನದಲ್ಲ, ಹೊತ್ತಿನದು. ಒಬ್ಬರು ಬೆಳಗ್ಗೆ ಆರಕ್ಕೆ ಬರುತ್ತಾರೆ, ಇನ್ನೊಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿ ಒಂಬತ್ತಕ್ಕೆ. ತಿಂಗಳ ಕೊನೆಗೆ ಸಮ ಹಂಚಿದರೆ ಆರಕ್ಕೆ ಬಂದವರ ಮನಸ್ಸಿಗೆ ಬೇಸರ, ತಾಸು ಎಣಿಸಿದರೆ ಒಂಬತ್ತಕ್ಕೆ ಬಂದವರಿಗೆ ಅವಮಾನ. ನಾವು ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿದೆವು. ಬಂದವರು ತಮ್ಮ ಕೈಯಿಂದಲೇ ತಾಸು ಬರೆಯುವುದು. ಕೂಲಿ ತಾಸಿನ ಮೇಲೆ, ಉಳಿದ ಲಾಭ ಮಾತ್ರ ಸಮ ಪಾಲು. ಓದು ಬರದವರಿಗೆ ತಾಸಿಗೊಂದು ಗೆರೆ. ಮೂರು ವರ್ಷದ ಕ್ಯಾಲೆಂಡರುಗಳನ್ನು ಇನ್ನೂ ಇಟ್ಟಿದ್ದೇವೆ. ಹಿಟ್ಟಿನ ಬೆರಳ ಗುರುತು ಅದರ ತುಂಬ ಇದೆ.

ಮನೆಯ ಗಂಡಸರನ್ನು ಹೊರಗಿಡಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಒಬ್ಬರ ಗಂಡ ಸಂಜೆ ಸೈಕಲ್ ಮೇಲೆ ರೊಟ್ಟಿ ಮುಟ್ಟಿಸುತ್ತಾರೆ, ಅವರ ತಾಸೂ ಕ್ಯಾಲೆಂಡರಿನಲ್ಲಿ ಬರುತ್ತದೆ. ಆದರೆ ಖಾತೆಯ ಸಹಿ, ಪಾಸ್‌ಬುಕ್, ಯುಪಿಐ ಪಿನ್ ನಿಮ್ಮ ಹತ್ತಿರವೇ ಇರಲಿ. ಈ ಒಂದು ಮಾತಿನಲ್ಲಿ ಮೆತ್ತಗಾಗಬೇಡಿ.

ಮುಂದಿನ ಹೆಜ್ಜೆ

ರೊಟ್ಟಿ ಒಂದು ಹದಕ್ಕೆ ಬಂದ ಮೇಲೆ ಹಿಂಡಿ ಶುರು ಮಾಡಿ. ಶೇಂಗಾ, ಅಗಸಿ, ಗುರೆಳ್ಳು. ರೊಟ್ಟಿ ತಗೊಳ್ಳುವವರು ಹಿಂಡಿಯನ್ನೂ ಕೇಳುತ್ತಾರೆ. ಹಿಂಡಿಗೆ ಭುಜದ ಕೆಲಸ ಕಡಿಮೆ, ಉಳಿಯೋದು ಜಾಸ್ತಿ, ದೂರಕ್ಕೂ ಕಳಿಸಬಹುದು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಆರ್ಡರನ್ನು ಡಿಸೆಂಬರಿನಲ್ಲೇ ಬರೆದುಕೊಳ್ಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಸಂಘದ ಹೆಸರಲ್ಲಿ ಮಳಿಗೆ ಸಿಗುತ್ತದಾ ವಿಚಾರಿಸಿ. ಅಲ್ಲಿ ನಾಲ್ಕು ದಿನದಲ್ಲಿ ನೂರಾರು ಹೊಸ ಮುಖ ಕಾಣುತ್ತವೆ. ಕಲಬುರಗಿಯಲ್ಲಿ ಜಿಲ್ಲಾಡಳಿತ ಸಂಘಗಳ ಮಹಿಳೆಯರನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಅನ್ನುವ ಹೆಸರಿನಲ್ಲೇ ಮಾರಾಟ ಮಾಡಿಸುತ್ತಿದೆ. ಆ ಕಡೆ ಹೋದಾಗ ಒಂದು ಕೇಂದ್ರ ನೋಡಿಕೊಂಡು ಬನ್ನಿ. ಅವರು ಪಾಕೀಟು ಹೇಗೆ ಕಟ್ಟುತ್ತಾರೆ, ಕೆಲಸ ಹೇಗೆ ಹಂಚಿಕೊಂಡಿದ್ದಾರೆ ಕೇಳಿ. ನಮ್ಮ ಹೆಣ್ಣುಮಕ್ಕಳು ಇಂಥದ್ದನ್ನು ಮುಚ್ಚಿಡುವುದಿಲ್ಲ, ಚಹಾ ಕೊಟ್ಟು ಹೇಳುತ್ತಾರೆ.

ಯಂತ್ರದ ವಿಷಯ ಎಲ್ಲರೂ ಕೇಳುತ್ತಾರೆ. ರೊಟ್ಟಿ ಒತ್ತುವ ಯಂತ್ರ ಬೇಕಾ ಬೇಡವಾ ಅನ್ನುವುದನ್ನು ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ಆರು ತಿಂಗಳು ಬಿಡದೆ, ಕೈಯಿಂದ ಮಾಡೋಕಾಗದೆ ಆರ್ಡರ್ ವಾಪಸ್ ಕಳಿಸಿದ್ದೀರಾ? ಹಾಗಿದ್ದರೆ ಯೋಚಿಸಿ. ಮಾರುವವರ ವಿಡಿಯೊ ನೋಡಿ ದುಡ್ಡು ಕೊಡಬೇಡಿ. ಅದೇ ಯಂತ್ರ ವರ್ಷದಿಂದ ಓಡಿಸುತ್ತಿರುವವರ ಮನೆಗೆ ನಿಮ್ಮದೇ ಹಿಟ್ಟು ಒಯ್ದು ಐವತ್ತು ರೊಟ್ಟಿ ಮಾಡಿಸಿ ತನ್ನಿ. ಆ ರೊಟ್ಟಿಯನ್ನು ಹೇಳದೆ ನಿಮ್ಮ ಹಳೆಯ ಗಿರಾಕಿಗಳಿಗೆ ಕೊಟ್ಟು ನೋಡಿ. ಗೃಹಜ್ಯೋತಿಯ ಮನೆ ಮೀಟರಿಗೆ ಯಂತ್ರ ಹಚ್ಚಬೇಡಿ, ಹೆಸ್ಕಾಂ ಅಥವಾ ಜೆಸ್ಕಾಂ ಕಚೇರಿಯಲ್ಲಿ ವ್ಯಾಪಾರದ ಮೀಟರಿಗೆ ಅರ್ಜಿ ಕೊಡಿ. ಯಂತ್ರ ಬಂದ ದಿನ ಯಾರ ಕೈ ಖಾಲಿ ಆಗುತ್ತದೆ ಅಂತ ಮೊದಲೇ ಕೂತು ಮಾತಾಡಿ. ನಾವು ಮಾತಾಡಿಯೇ ಇದ್ದೇವೆ. ಬಡಿಯುವುದು ನಿಂತರೆ ಆ ಅಕ್ಕ ಹಿಂಡಿ ನೋಡಿಕೊಳ್ಳುವುದು, ಕೂಲಿ ಅದೇ, ತಾಸಿಗೆ ಅಷ್ಟೇ.